ಭಾನುವಾರ ಬಂದರೆ ಅಳು ಬರುತ್ತದೆ: ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಕಲಿಸುವ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನನಗೆ 26 ವರ್ಷ. ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷ್ ಎಂ.ಎ., ಬಿ.ಎಡ್. ಮೇ ತಿಂಗಳಲ್ಲಿ ಥಾಯ್ಲೆಂಡಿನ ಇಸಾನ್ ಪ್ರದೇಶದ ಒಂದು ಸರಕಾರಿ ಶಾಲೆಗೆ ಇಂಗ್ಲಿಷ್ ಟೀಚರ್ ಆಗಿ ಬಂದೆ. ಮೊದಲ ವಾರಗಳಲ್ಲಿ ಕಾಲು ನೆಲದ ಮೇಲೆ ಇರಲಿಲ್ಲ. ಜೂನ್‌ನಲ್ಲಿ ಇಲ್ಲಿಯ ಗುರುವಂದನೆಯ ದಿನ ಮಕ್ಕಳು ಮೊಣಕಾಲಲ್ಲೇ ನಡೆದು ಬಂದು ಹೂವಿನ ತಟ್ಟೆ ಕೊಟ್ಟಾಗ ಖುಷಿಗೆ ಅತ್ತುಬಿಟ್ಟೆ. ಈಗ ಅದೇ ಮಕ್ಕಳು ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ಕೂರುತ್ತಾರೆ. ಕ್ಲಾಸಿನಲ್ಲಿ 45 ಮಂದಿ, ಒಬ್ಬರೂ ಬಾಯಿ ಬಿಡುವುದಿಲ್ಲ. ‘ಬಿಳಿ ಟೀಚರ್ ಸಿಗಲಿಲ್ವಾ’ ಅಂತ ಕೆಲವು ಹೆತ್ತವರು ಕೇಳಿದರಂತೆ. ನನ್ನಷ್ಟೇ ಪೀರಿಯಡ್ ತೆಗೆದುಕೊಳ್ಳುವ ಇಂಗ್ಲೆಂಡಿನವನಿಗೆ ನನಗಿಂತ ಜಾಸ್ತಿ ಸಂಬಳ. ಏಜೆಂಟರಿಗೆ ಕೊಡಲು ಅಪ್ಪ ಚಿನ್ನ ಅಡವಿಟ್ಟಿದ್ದಾರೆ, ಹಾಗಾಗಿ ಮನೆಯಲ್ಲಿ ಏನೂ ಹೇಳುವ ಹಾಗಿಲ್ಲ. ಭಾನುವಾರ ಸಂಜೆಯಾದರೆ ಅಳು ಬರುತ್ತದೆ. ಅಕ್ಟೋಬರ್ ರಜೆಗೆ ಊರಿಗೆ ಬಂದವಳು ಹಾಗೇ ಉಳಿದುಬಿಡಲೇ? ನಾನು ಇಷ್ಟು ದುರ್ಬಲಳಾ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡುತ್ತೇನೆ. ಅಲ್ಲ. ಭಾನುವಾರ ರಾತ್ರಿ ಅತ್ತು, ಸೋಮವಾರ ಬೆಳಿಗ್ಗೆ ಎಂಟು ಗಂಟೆಯ ರಾಷ್ಟ್ರಗೀತೆಗೆ ಇಸ್ತ್ರಿ ಬಟ್ಟೆಯಲ್ಲಿ ಹೋಗಿ ನಿಲ್ಲುವವರನ್ನು ದುರ್ಬಲರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಊರಿಗೆ ಬಂದುಬಿಡುವ ವಿಷಯ ಆಮೇಲೆ ಮಾತಾಡೋಣ.

ನನ್ನ ಪರಿಚಯ ಎರಡೇ ಮಾತಿನಲ್ಲಿ: ಮಾಲ್ದೀವ್ಸ್‌ನ ಒಂದು ಪುಟ್ಟ ದ್ವೀಪದಲ್ಲಿ ಇಂಗ್ಲಿಷ್ ಕಲಿಸಿದವನು. ಈಗ ಕಾಸರಗೋಡಿನಲ್ಲಿ ಕೂತು, ಪಾಠ ಮಾಡಲು ವಿದೇಶಕ್ಕೆ ಹೊರಟವರ ಮತ್ತು ಅಲ್ಲಿಂದ ವಾಪಸಾದವರ ಜೊತೆ ಮಾತಾಡುವುದೇ ನನ್ನ ಕೆಲಸ.

ಮಕ್ಕಳ ಮೌನದಿಂದ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮನ್ನು ಜಾಸ್ತಿ ಚುಚ್ಚುತ್ತಿರುವುದು ಅದೇ ಅಂತ ನನಗನಿಸುತ್ತದೆ. ಈ ಮೌನ ನಿಮಗೆ ಹೊಸತಲ್ಲ. ಬೆಂಚಿನ ಆ ಕಡೆ ಕೂತು ನೋಡಿದ್ದೀರಿ. ಕನ್ನಡ ಬಾರದ ಟೀಚರನ್ನು ಕನ್ನಡ ಮಾಧ್ಯಮ ಶಾಲೆಗೆ ನೇಮಕ ಮಾಡಿದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಎಂಥ ಗಲಾಟೆ ಆಗುತ್ತದೆ ಅಂತ ಗೊತ್ತಲ್ವಾ? ಹೆತ್ತವರು ಪ್ರತಿಭಟನೆಗೆ ಕೂರುತ್ತಾರೆ, ಮನವಿ ಕೊಡುತ್ತಾರೆ. ಆ ಗಲಾಟೆ ನ್ಯಾಯವೇ. ಆದರೆ ಹೊರಗೆ ಅದೆಲ್ಲ ನಡೆಯುವಾಗ ಕ್ಲಾಸಿನ ಒಳಗೆ ಮಕ್ಕಳು ಏನು ಮಾಡುತ್ತಾರೆ? ಸುಮ್ನೆ ಕೂರುತ್ತಾರೆ. ಟೀಚರ ಮೇಲೆ ಅವರಿಗೆ ಕೋಪ ಇಲ್ಲ. ಏನು ಕೇಳಿದರು ಅಂತ ಅರ್ಥ ಆಗಿರುವುದಿಲ್ಲ. ಅರ್ಥ ಆಗಲಿಲ್ಲ ಅಂತ ಯಾವ ಭಾಷೆಯಲ್ಲಿ ಹೇಳಬೇಕು ಅನ್ನುವುದೂ ಗೊತ್ತಿರುವುದಿಲ್ಲ. ಇಸಾನಿನ ಆ ಶಾಲೆಯಲ್ಲಿ ಈಗ ಆ ಟೀಚರ್ ನೀವು.

ನಿಮ್ಮನ್ನು ದೂರಲು ಇದನ್ನು ಹೇಳುತ್ತಿಲ್ಲ. ಮಕ್ಕಳು ತಲೆ ತಗ್ಗಿಸಿದಾಗ ಅವರ ತಲೆಯೊಳಗೆ ಏನು ಓಡುತ್ತಿದೆ ಅಂತ ನಿಮಗೆ ಗೊತ್ತು, ಆ ಇಂಗ್ಲೆಂಡಿನವನಿಗೆ ಗೊತ್ತಿಲ್ಲ. ಇಸಾನಿನ ಮಗು ಮನೆಯಲ್ಲಿ ಲಾವೋಸಿನ ಭಾಷೆಗೆ ಹತ್ತಿರದ ಮಾತು ಆಡುತ್ತದೆ. ಶಾಲೆಯಲ್ಲಿ ಬ್ಯಾಂಕಾಕಿನ ಥಾಯ್. ಅದರ ಮೇಲೆ ಇಂಗ್ಲಿಷ್. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಸರಕಾರಿ ಆಫೀಸಿನಲ್ಲಿ ಮಲಯಾಳ ಅಂತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನೊಂದು ವಿಷಯ ಉಂಟು. ಇಸಾನಿನಿಂದ ದುಡಿಯುವ ವಯಸ್ಸಿನವರು ಬ್ಯಾಂಕಾಕಿಗೆ, ಹೊರದೇಶಗಳಿಗೆ ಹೋಗುವುದು ತುಂಬ ಹಿಂದಿನಿಂದ ನಡೆದುಬಂದದ್ದು. ಮಕ್ಕಳನ್ನು ಸಾಕುವುದು ಅಜ್ಜ ಅಜ್ಜಿ. ನಿಮ್ಮ 45 ಮಂದಿಯಲ್ಲಿ ಎಷ್ಟು ಜನ ಅಪ್ಪ ಅಮ್ಮನ ಮುಖವನ್ನು ಫೋನಿನಲ್ಲಿ ಮಾತ್ರ ನೋಡುತ್ತಾರೆ ಅಂತ ಅಲ್ಲಿಯ ಟೀಚರ ಹತ್ತಿರ ಮೆಲ್ಲ ವಿಚಾರಿಸಿ. ಅಪ್ಪ ದುಬೈಯಲ್ಲೋ ದೋಹಾದಲ್ಲೋ ಇರುವ ಮಕ್ಕಳು ನಿಮ್ಮ ಪಕ್ಕದ ಬೆಂಚಿನಲ್ಲೂ ಇದ್ದಿರಬೇಕು. ಹೀಗೆ ಬೆಳೆದ ಮಗು, ಇವತ್ತು ಬಂದು ನಾಳೆ ಹೋಗುವ ವಿದೇಶಿ ಟೀಚರಿಗೆ ಅಷ್ಟು ಬೇಗ ಮನಸ್ಸು ಕೊಡುವುದಿಲ್ಲ. ನಿಮಗಿಂತ ಮೊದಲು ಎಷ್ಟು ಮಂದಿ ಬಂದು ಹೋದರು ಅನ್ನುವುದನ್ನೂ ಕೇಳಿ ನೋಡಿ.

ಈಗ ಕ್ಲಾಸಿನಲ್ಲಿ ಮಾಡಬಹುದಾದದ್ದು. ಒಬ್ಬರನ್ನೇ ಎಬ್ಬಿಸಿ ಪ್ರಶ್ನೆ ಕೇಳುವುದನ್ನು ಸ್ವಲ್ಪ ಸಮಯ ಪೂರ್ತಿ ನಿಲ್ಲಿಸಿ. ಎಲ್ಲರೆದುರು ತಪ್ಪು ಹೇಳಿ ಮುಖ ಕಳೆದುಕೊಳ್ಳುವ ಭಯ ಅಲ್ಲಿ ನಮ್ಮಲ್ಲಿಗಿಂತಲೂ ಜಾಸ್ತಿ. ಮೊದಲು ಪಕ್ಕದವರ ಕಿವಿಯಲ್ಲಿ ಉತ್ತರ ಹೇಳಲಿ, ಆಮೇಲೆ ಇಡೀ ಸಾಲು ಒಟ್ಟಿಗೆ ಹೇಳಲಿ. ಥಾಯ್ ಮಕ್ಕಳಿಗೆ ಹಾಜರಿ ಪುಸ್ತಕದ ಉದ್ದದ ಹೆಸರಿನ ಜೊತೆಗೆ ಕರೆಯುವ ಚಿಕ್ಕ ಹೆಸರೊಂದು ಇರುತ್ತದೆ. ಬ್ಯಾಂಕ್, ಬಾಲ್, ಐಸ್ ಅಂತೆಲ್ಲ ಇಂಗ್ಲಿಷ್ ಪದಗಳೇ ಹೆಸರಾಗಿರುವುದೂ ಉಂಟು. ಆ 45 ಚಿಕ್ಕ ಹೆಸರು ಬಾಯಿಪಾಠ ಮಾಡಿ. ಕ್ಲಾಸಿಗೆ ಬೇಕಾಗುವಷ್ಟು ಥಾಯ್ ಕಲಿಯಿರಿ, ಇಸಾನ್ ಮಾತು ನಾಲ್ಕಾದರೂ ಕಲಿಯಿರಿ. ತಪ್ಪು ಮಾತಾಡಿ, ಅವರು ನಗಲಿ.

ನಗಿಸಲು ನಮ್ಮ ಹತ್ತಿರ ಒಳ್ಳೆಯ ಸರಕೇ ಇದೆ. ಥಾಯ್ ಮಾತಿನಲ್ಲಿ ಪದದ ಕೊನೆಗೆ ಸಕಾರ, ಲಕಾರ ನಿಲ್ಲುವುದಿಲ್ಲ. ಕೊನೆಯ ಲಕಾರ ನಕಾರ ಆಗುತ್ತದೆ, ಸಕಾರ ಅರ್ಧ ತಕಾರವಾಗಿ ಗಂಟಲಲ್ಲೇ ನಿಲ್ಲುತ್ತದೆ. ಹಾಗಾಗಿ ಫುಟ್‌ಬಾಲ್ ಹೋಗಿ ಫುಟ್‌ಬಾನ್. ನಾವೋ, ಕೊನೆಗೆ ಒಂದು ಉಕಾರ ಅಂಟಿಸದೆ ಬಿಡುವವರಲ್ಲ: ಬಸ್ಸು, ಕಾರು, ಸ್ಕೂಲು. ‘ನಮ್ಮೂರಿನಲ್ಲಿ ನಾವು ಹೀಗೆ ಹೇಳುತ್ತೇವೆ’ ಅಂತ ಬೋರ್ಡಿನ ಹತ್ತಿರ ನಿಂತು ಮೂರು ಸಲ ಬಸ್ಸು ಬಸ್ಸು ಬಸ್ಸು ಅನ್ನಿ. ನಕ್ಕ ಮೇಲೆ ‘ಈಗ ನಿಮ್ಮದು ಹೇಳಿ’ ಅನ್ನಿ. ಮೊದಲ ತಪ್ಪು ಟೀಚರದ್ದೇ ಆದರೆ ಎರಡನೆಯ ತಪ್ಪಿಗೆ ಯಾರೂ ನಾಚುವುದಿಲ್ಲ. ಆ ಪೀರಿಯಡ್ ಮುಗಿಯುವಾಗ ಇಬ್ಬರು ಬಾಯಿ ಬಿಟ್ಟರೂ ಸಾಕು. ಎಲ್ಲರೂ ಮಾತಾಡುವ ಕ್ಲಾಸು ಎಲ್ಲಿ ಉಂಟು ಮಾರಾಯ್ತಿ? ನಮ್ಮ ಊರಿನ ಶಾಲೆಯಲ್ಲೂ ಇಲ್ಲ.

ಗುರುವಂದನೆಯ ದಿನದ ಬಗ್ಗೆ ಬರೆದಿದ್ದೀರಿ. ಆ ತಟ್ಟೆಯಲ್ಲಿ ಏನೇನಿತ್ತು ಅಂತ ಗಮನಿಸಿದಿರಾ? ಸಾಮಾನ್ಯವಾಗಿ ಅದರಲ್ಲಿ ಮೂರು ಇದ್ದೇ ಇರುತ್ತವೆ. ಒಂದು ಕೇಪಳದ ಹೂ, ನಮ್ಮ ಗುಡ್ಡೆಯಲ್ಲಿ ಬೇಲಿ ಬದಿಗೆಲ್ಲ ಕೆಂಪಗೆ ಅರಳುವುದು ಅದೇ. ಸೂಜಿಯ ಹಾಗಿನ ಮೊಗ್ಗು ಚೂಪು ಬುದ್ಧಿಗೆ ಗುರುತಂತೆ. ಇನ್ನೊಂದು ಗರಿಕೆ, ನಮ್ಮಲ್ಲಿ ಗಣಪತಿಗೆ ಇಡುವುದು, ಅಲ್ಲಿ ತುಳಿದರೂ ಮತ್ತೆ ಚಿಗುರುವ ತಾಳ್ಮೆಗೆ. ಮೂರನೆಯದು ಬಾಗಿ ನಿಲ್ಲುವ ಬದನೆ ಹೂ, ವಿನಯಕ್ಕೆ. ಇದನ್ನೆಲ್ಲ ಮಕ್ಕಳು ಪ್ರತಿ ವರ್ಷ ಜೂನ್ ಸುಮಾರಿಗೆ, ಹೆಚ್ಚಾಗಿ ಒಂದು ಗುರುವಾರ, ಶಾಲೆಯ ಎಲ್ಲ ಟೀಚರುಗಳಿಗೂ ಕೊಡುತ್ತಾರೆ. ಹೋದ ವರ್ಷ ನಿಮ್ಮ ಜಾಗದಲ್ಲಿ ಇದ್ದವರಿಗೂ ಕೊಟ್ಟಿದ್ದಾರೆ.

ಖುಷಿಯನ್ನು ಕಿತ್ತುಕೊಳ್ಳಲು ಹೇಳುತ್ತಿಲ್ಲ. ಆದರೆ ಆ ದಿನ ಅವರು ಬಾಗಿದ್ದು ಟೀಚರ್ ಅನ್ನುವ ಸ್ಥಾನಕ್ಕೆ. ನೀವು ಅದನ್ನು ನಿಮಗೇ ಅಂತ ತೆಗೆದುಕೊಂಡಿರಿ, ಅದರ ಲೆಕ್ಕಕ್ಕೇ ಈ ಮೌನವನ್ನೂ ಸೇರಿಸಿದಿರಿ. ಮೌನ ಕೂಡ ಟೀಚರ್ ಅನ್ನುವ ಸ್ಥಾನದ ಎದುರಿನದ್ದೇ. ನಿಮ್ಮನ್ನು ಆ ಮಕ್ಕಳು ಒಬ್ಬ ಮನುಷ್ಯಳಾಗಿ ಇಷ್ಟಪಡುತ್ತಾರೋ ಇಲ್ಲವೋ ಅನ್ನುವುದು ಇನ್ನೂ ತೀರ್ಮಾನ ಆಗಿಯೇ ಇಲ್ಲ. ಅದಕ್ಕೆ ಐದು ತಿಂಗಳು ಸಾಕಾಗುವುದಿಲ್ಲ.

ಏರಿ ಇಳಿಯುವ ಮನಸ್ಸಿನ ಬಗ್ಗೆ ಹೆಚ್ಚು ಎಳೆಯುವುದಿಲ್ಲ. ಹೊಸ ದೇಶಕ್ಕೆ ಹೋದವರ ಮನಸ್ಥಿತಿಯ ಹಂತಗಳನ್ನು 1954ರಲ್ಲಿ ಕಲೆರ್ವೊ ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ ರಿಯೊ ಡಿ ಜನೈರೊದಲ್ಲಿ ವಿವರಿಸಿದ್ದರು: ಮೊದಲು ಮೋಹ, ಆಮೇಲೆ ಸಿಟ್ಟು ಮತ್ತು ಬೇಸರ, ನಿಧಾನಕ್ಕೆ ಚೇತರಿಕೆ, ಕೊನೆಗೆ ಒಗ್ಗಿಕೊಳ್ಳುವುದು. ಮರುವರ್ಷ ಲೂಸ್‌ಗಾರ್ಡ್ ಅನ್ನುವವರು ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯವರನ್ನು ಮಾತಾಡಿಸಿದಾಗ, ಆರರಿಂದ ಹದಿನೆಂಟು ತಿಂಗಳು ಇದ್ದವರೇ ಎಲ್ಲರಿಗಿಂತ ಕಮ್ಮಿ ಹೊಂದಿಕೊಂಡಿದ್ದು ಕಂಡುಬಂತು. ನೀವು ಈಗ ಆ ಹೊಸ್ತಿಲಲ್ಲೇ ಇದ್ದೀರಿ. ಆದರೆ ಇದನ್ನು ಬಸ್ಸಿನ ಟೈಂ ಟೇಬಲ್ ಅಂತ ನಂಬಬೇಡಿ. 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಅವರ ಜೊತೆಯವರು ನ್ಯೂಜಿಲೆಂಡಿಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಅತಿ ಹೆಚ್ಚು ಕಷ್ಟ ಇದ್ದದ್ದು ಬಂದಿಳಿದ ಹೊಸತರಲ್ಲೇ. ನನ್ನ ಮುಂದೆ ಬಂದು ಕೂತವರಲ್ಲಿ ಎರಡೂ ಬಗೆಯವರಿದ್ದಾರೆ.

ಭಾನುವಾರವೇ ಯಾಕೆ ಅನ್ನುವುದಕ್ಕೆ ಬೇರೆ ಕಾರಣ ಇದೆ. ವಿದೇಶಿ ಟೀಚರಿಗೆ ಪಾಠ ಮಾತ್ರ ಕೆಲಸವಲ್ಲ. ಬೆಳಿಗ್ಗೆ ಗೇಟಿನಲ್ಲಿ ನಿಂತು ಕೈಮುಗಿದು ನಗಬೇಕು, ಫೋಟೋಕ್ಕೆ ನಗಬೇಕು, ಇಂಗ್ಲಿಷ್ ಕ್ಯಾಂಪಿನಲ್ಲಿ ಹಾಡಿ ಕುಣಿದು ನಗಬೇಕು. ವಿಮಾನದ ಪರಿಚಾರಕಿಯರ ಕೆಲಸವನ್ನು ನೋಡಿ ಆರ್ಲಿ ಹಾಕ್‌ಶೀಲ್ಡ್ ಅನ್ನುವ ಸಮಾಜಶಾಸ್ತ್ರಜ್ಞೆ 1983ರಲ್ಲೇ ಬರೆದಿದ್ದರು, ಸಂಬಳಕ್ಕಾಗಿ ಭಾವನೆ ತೋರಿಸುವುದೂ ಒಂದು ದುಡಿಮೆ ಅಂತ. ವಾರವಿಡೀ ನಕ್ಕ ಮುಖಕ್ಕೆ ರಜೆ ಸಿಗುವುದು ಭಾನುವಾರ, ಅಳು ಹೊರಗೆ ಬರುವುದೂ ಆಗಲೇ. ನಾನಿದ್ದ ದ್ವೀಪದಲ್ಲಿ ಶುಕ್ರವಾರ ರಜೆ. ಅವತ್ತು ಫೆರಿಯೂ ಇಲ್ಲ, ಅಂಗಡಿಯೂ ಅರ್ಧ ದಿನ ಮುಚ್ಚಿರುತ್ತಿತ್ತು. ಹೊರನಾಡಿನ ಟೀಚರುಗಳು ವಾರದ ಉಳಿದ ದಿನ ಚೆನ್ನಾಗಿಯೇ ಇದ್ದು ಆ ಒಂದು ದಿನ ಕುಸಿಯುತ್ತಿದ್ದರು. ಭಾನುವಾರ ಮಧ್ಯಾಹ್ನಕ್ಕೆ ಒಂದು ಕೆಲಸ ಇಟ್ಟುಕೊಳ್ಳಿ, ನಗಬೇಕಾಗಿಲ್ಲದ ಕೆಲಸ. ಸಂತೆಗೆ ಹೋಗಿ ಹಲಸಿನಕಾಯಿ ತಂದು ಪಲ್ಯ ಮಾಡಿ. ಅಲ್ಲಿ ಹಲಸು, ತೆಂಗು, ಬಾಳೆ ಯಾವುದಕ್ಕೂ ಬರ ಇಲ್ಲ.

ಫೋನಿನ ಸಮಯವನ್ನೂ ಬದಲಿಸಿ. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ನೀವು ಭಾನುವಾರ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಇಲ್ಲಿ ಆರೂವರೆ. ದೀಪ ಹಚ್ಚುವ ಹೊತ್ತು, ಭಜನೆಯ ಸದ್ದು, ಅಡುಗೆಮನೆಯಲ್ಲಿ ಒಗ್ಗರಣೆ, ಎಲ್ಲ ಒಟ್ಟಿಗೆ ಕೇಳಿಸುತ್ತದೆ. ನಿಮ್ಮ ವಾರದ ಅತಿ ಕೆಟ್ಟ ಗಂಟೆಗೆ ಮನೆಯ ಅತಿ ಚಂದದ ಗಂಟೆಯನ್ನು ಯಾಕೆ ಜೋಡಿಸುತ್ತೀರಿ? ಶನಿವಾರ ಬೆಳಿಗ್ಗೆ ಮಾಡಿ.

ಈಗ ಬಿಳಿ ಟೀಚರ್ ವಿಷಯ. ಇದು ಮನಸ್ಸಿನ ಏರಿಳಿತ ಅಲ್ಲ. ಇದು ಅನ್ಯಾಯ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಯಾವುದೂ ಸರಿಯಾಗುವುದಿಲ್ಲ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಂದ ಥಾಯ್ಲೆಂಡಿನ ಶಾಲೆಗಳು ಟೋಯಿಕ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತವೆ, 990ಕ್ಕೆ 600 ಅನ್ನುವುದು ಸಾಮಾನ್ಯವಾಗಿ ಕೇಳುವ ಗೆರೆ. ಅದನ್ನು ದಾಟಿ ಬಂದವರಿಗೂ ಸಂಬಳದಲ್ಲಿ ತಾರತಮ್ಯ ಇರುವುದು ಏಷ್ಯಾದ ಹಲವು ದೇಶಗಳಲ್ಲಿ ಗುಟ್ಟೇನಲ್ಲ. ನೀವು ಕಡಿಮೆ ಅಂತ ಇದರ ಅರ್ಥ ಅಲ್ಲ. ಶಾಲೆಗೆ ಬೇಕಾದದ್ದು ಪೋಸ್ಟರಿನಲ್ಲಿ ಹಾಕುವ ಮುಖ, ಅಷ್ಟೆ. ಕಲಿಸುವ ವಿಷಯಕ್ಕೆ ಬಂದರೆ, ಇಂಗ್ಲಿಷನ್ನು ಕಲಿತು ಗೆದ್ದವರು ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಮೊದಲೇ ಕಾಣಬಲ್ಲರು, ಇದನ್ನು ಪೀಟರ್ ಮೆಜೆಶ್ ಅನ್ನುವ ಹಂಗೇರಿಯ ಇಂಗ್ಲಿಷ್ ಅಧ್ಯಾಪಕರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಕನ್ನಡ ಮಾಧ್ಯಮದಿಂದ ಎಂ.ಎ. ತನಕ ಬಂದ ನಿಮಗೆ ಆ ಎಡವುವ ಜಾಗಗಳೆಲ್ಲ ಸ್ವಂತ ಅನುಭವ.

ಹೆತ್ತವರು ಹಾಗೆ ಕೇಳಿದರು ಅಂತ ನಿಮಗೆ ಬಂದು ಹೇಳಿದವರು ಯಾರು ಅನ್ನುವುದನ್ನೂ ಯೋಚಿಸಿ. ‘ಕೇಳಿದರಂತೆ’ ಅಂತ ಬರೆದಿದ್ದೀರಿ. ಆ ‘ಅಂತೆ’ಯ ಮೇಲೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಕಾಗದಪತ್ರ ಮಾತ್ರ ಇವತ್ತೇ ನೋಡಿ. ವರ್ಕ್ ಪರ್ಮಿಟ್ ಆಗಿದೆಯಾ? ಅದರಲ್ಲಿರುವ ಸಂಸ್ಥೆಯ ಹೆಸರೂ ನೀವು ನಿಜವಾಗಿ ಕೆಲಸ ಮಾಡುವ ಜಾಗವೂ ಹೊಂದುತ್ತವಾ? ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇದೆಯಾ? ಒಪ್ಪಂದದಲ್ಲಿ ಬರೆದ ಸಂಬಳ ಪೂರ್ತಿ ಬರುತ್ತಿದೆಯಾ, ಏಜೆಂಟರು ನಡುವೆ ಹಿಡಿದುಕೊಳ್ಳುತ್ತಿದ್ದಾರಾ? ಇದರಲ್ಲಿ ಒಂದಕ್ಕೆ ಉತ್ತರ ಕೆಟ್ಟದಾಗಿದ್ದರೂ ನನ್ನ ಉಳಿದ ಸಲಹೆ ಬದಿಗಿರಲಿ. ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಗೆ ಬರೆಯಿರಿ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಿನಲ್ಲಿ ದೂರು ಹಾಕಿ. ಹೊರನಾಡಿನಲ್ಲಿರುವ ಕೇರಳದವರಿಗಾಗಿ ಕೇರಳ ಸರಕಾರ ನಡೆಸುವ ನೋರ್ಕಾ ರೂಟ್ಸ್ ಕೂಡ ನಿಮ್ಮದೇ. ಅದು ಮಲಯಾಳಿಗಳಿಗೆ ಇರುವುದು ಅಂತ ನಮ್ಮ ಕನ್ನಡದವರು ಅದರ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ನೀವು ಕೇರಳದ ನಿವಾಸಿ, ಅಷ್ಟು ಸಾಕು.

ಚಿನ್ನದ ವಿಷಯಕ್ಕೆ ಬರುತ್ತೇನೆ. ಕಾಸರಗೋಡಿನಲ್ಲಿ ವಿದೇಶ ಅಂದರೆ ಗಲ್ಫ್. ಮಗಳು ವಿದೇಶದಲ್ಲಿ ಅಂದ ಕೂಡಲೇ ನೆಂಟರು ಮನಸ್ಸಿನಲ್ಲಿ ದಿರಹಮ್ ಎಣಿಸಲು ಶುರು ಮಾಡುತ್ತಾರೆ. ಥಾಯ್ಲೆಂಡಿನ ಸರಕಾರಿ ಶಾಲೆಯ ಸಂಬಳ ಆ ಲೆಕ್ಕಕ್ಕೆ ಯಾವತ್ತೂ ಸಿಗುವುದಿಲ್ಲ. ಊರು ನೆನಪಾಗಿ ಅಳುತ್ತೇವೆ ಅಂತ ಹೇಳುವ ಹಲವರ ಹತ್ತಿರ ಕೂತು ಮಾತಾಡಿದರೆ, ಅಡಿಯಲ್ಲಿ ಇರುವುದು ಸಾಲದ ಹೆದರಿಕೆ. ಒಂದು ಹಾಳೆಯಲ್ಲಿ ಬರೆಯಿರಿ: ಸಾಲ ಎಷ್ಟು, ಬಡ್ಡಿ ಎಷ್ಟು, ಅಡವಿನ ವಾಯಿದೆ ಯಾವಾಗ, ತಿಂಗಳಿಗೆ ನೀವು ಎಷ್ಟು ಉಳಿಸಬಲ್ಲಿರಿ. ಅಪ್ಪನಿಗೆ ಅಳುವಿನ ಸುದ್ದಿ ಹೇಳಬೇಕಾಗಿಲ್ಲ, ಈ ಹಾಳೆಯನ್ನು ಓದಿ ಹೇಳಿ. ನಮ್ಮ ಅಪ್ಪಂದಿರಿಗೆ ಮಗಳ ಮನಸ್ಸಿನ ಬಗ್ಗೆ ಮಾತಾಡಲು ಬರುವುದಿಲ್ಲ, ಬಡ್ಡಿಯ ಬಗ್ಗೆ ಮಾತಾಡಲು ಚೆನ್ನಾಗಿ ಬರುತ್ತದೆ. ಉಳಿದ ಸತ್ಯವನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅಕ್ಕನೋ ತಮ್ಮನೋ ಅತ್ತೆಯ ಮಗಳೋ, ‘ಅಯ್ಯೋ, ಹಾಗಾದರೆ ಬಂದುಬಿಡು’ ಅಂತ ತಕ್ಷಣ ಹೇಳದೆ ಕೇಳಿಸಿಕೊಳ್ಳುವವರು ಯಾರಾದರೂ ಆಗಬಹುದು.

ಒಂದು ಎಚ್ಚರಿಕೆ. ಭಾನುವಾರ ಮಾತ್ರ ಅಳುವುದು ಬೇರೆ. ಎರಡು ವಾರ ಹೆಚ್ಚುಕಮ್ಮಿ ಪ್ರತಿದಿನ ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ರುಚಿ ಇಲ್ಲದೆ ನಿದ್ದೆ ಊಟ ಕೆಟ್ಟರೆ, ಬದುಕಿ ಏನು ಅಂತ ಅನಿಸಿದರೆ, ಅದು ಊರಿನ ನೆನಪಲ್ಲ, ಕಾಯಿಲೆ. ಡಾಕ್ಟರ ಹತ್ತಿರ ಹೋಗಿ. ಥಾಯ್ಲೆಂಡಿನ ಮಾನಸಿಕ ಆರೋಗ್ಯ ಸಹಾಯವಾಣಿ 1323, ಮಾತಾಡಲು ಕಷ್ಟವಾದರೆ ಥಾಯ್ ಬರುವ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಲ್ಲಿ ನಿಮ್ಮ ಮನೆಯವರಿಗೆ ಸಲಹೆ ಬೇಕಾದರೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಆ ಹಂತ ತಲುಪಿದ್ದರೆ ಕೆಲಸ ಬಿಟ್ಟು ಬನ್ನಿ, ಚಿನ್ನದ ವಿಷಯ ಆಮೇಲೆ ನೋಡಿಕೊಳ್ಳೋಣ.

ಹಾಗಿಲ್ಲ, ಕಾಗದಪತ್ರವೂ ಸರಿ ಇದೆ ಅಂತಾದರೆ ನನ್ನ ಅಭಿಪ್ರಾಯ ಸ್ಪಷ್ಟ: ಅಕ್ಟೋಬರ್‌ನಲ್ಲಿ ತೀರ್ಮಾನ ಮಾಡಬೇಡಿ. ರಜೆಗೆ ಬನ್ನಿ, ಅಮ್ಮನ ಕೈಯ ಗಂಜಿ ಉಪ್ಪಿನಕಾಯಿ ತಿನ್ನಿ, ನವೆಂಬರ್ ಒಂದರ ಸುಮಾರಿಗೆ ಎರಡನೇ ಸೆಮಿಸ್ಟರ್ ಶುರುವಾಗುವಾಗ ವಾಪಸ್ ಹೋಗಿ. ಮಾರ್ಚ್‌ಗೆ ಶಾಲಾ ವರ್ಷ ಮುಗಿಯುತ್ತದೆ, ಬಿಡುವುದಾದರೆ ಆಗ ಬಿಡಿ. ರಜೆಯಲ್ಲಿ ಊರೇ ಸ್ವಲ್ಪ ಅಪರಿಚಿತ ಅನಿಸಬಹುದು. ಕುಂಬಳೆ ಪೇಟೆಯಲ್ಲಿ ನಿಂತು ‘ಇಲ್ಲಿ ಯಾಕೆ ಎಲ್ಲರೂ ಇಷ್ಟು ಗಟ್ಟಿ ಮಾತಾಡುತ್ತಾರೆ’ ಅಂತ ಅನಿಸಿದರೆ ಗಾಬರಿ ಬೇಡ. ವಾಪಸಾದವರಿಗೂ ಇನ್ನೊಂದು ಇಳಿತ ಇರುತ್ತದೆ ಅಂತ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ತೋರಿಸಿದ್ದಾರೆ.

ಬಿಡುವುದೇ ಆದರೂ ರಜೆಗೆ ಬಂದವರು ಹಾಗೇ ಮಾಯವಾಗಬೇಡಿ. ನೋಟಿಸ್ ಕೊಟ್ಟು, ವರ್ಕ್ ಪರ್ಮಿಟ್ ರದ್ದು ಮಾಡಿಸಿ, ಅನುಭವದ ಪತ್ರ ಕೈಯಲ್ಲಿ ಹಿಡಿದು ಬನ್ನಿ, ಮುಂದೆ ಬೇರೆ ದೇಶಕ್ಕೆ ಅರ್ಜಿ ಹಾಕುವಾಗ ಅದನ್ನೇ ಕೇಳುತ್ತಾರೆ. ಮಕ್ಕಳಿಗೂ ಹೇಳಿ ಬನ್ನಿ.

ರಜೆಗೆ ವಿಮಾನ ಹತ್ತುವ ಮೊದಲು ಒಂದು ಕೆಲಸ ಮರೆಯಬೇಡಿ. ಥಾಯ್ ಇಮಿಗ್ರೇಷನ್ ಕಚೇರಿಯಲ್ಲಿ ರೀ ಎಂಟ್ರಿ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ಸಲಕ್ಕೆ 1,000 ಬಾಟ್. ದೊಡ್ಡ ವಿಮಾನ ನಿಲ್ದಾಣಗಳಲ್ಲೂ ಮಾಡಿಕೊಡುತ್ತಾರೆ, ಆದರೆ ಕೊನೆಯ ಗಳಿಗೆಗೆ ಇಡಬೇಡಿ. ಅದಿಲ್ಲದೆ ದೇಶ ಬಿಟ್ಟರೆ ನಿಮ್ಮ ಅಲ್ಲಿಯ ವಾಸದ ಅನುಮತಿ ಅಲ್ಲಿಗೇ ರದ್ದಾಗುತ್ತದೆ. ವಾಪಸ್ ಹೋಗಬೇಕೋ ಬೇಡವೋ ಅನ್ನುವ ತೀರ್ಮಾನ ಆಮೇಲೆ ನಿಮ್ಮ ಕೈಯಲ್ಲಿ ಇರುವುದಿಲ್ಲ.